ಮುಂದೆ ಹೋಗಿ, ಕಂಬ ಹಿಡಿದುಕೊಳ್ಳಿ

ಹನ್ನೊಂದು ವರ್ಷದಿಂದ ನನ್ನ ಬಾಯಲ್ಲಿ ಇದೇ ಮಾತು:
ಮುಂದೆ ಹೋಗಿ, ಕಂಬ ಹಿಡಿದುಕೊಳ್ಳಿ.
ಬಿಣಗಾ ತಿರುವಿನಲ್ಲಿ ಬಸ್ಸು ವಾಲುವಾಗ
ಏನನ್ನೂ ಹಿಡಿಯದೆ ನಿಂತವಳು ನಾನೊಬ್ಬಳೇ.
ಒಂದು ಕೈಲಿ ಟಿಕೆಟ್ ಮಷೀನು, ಇನ್ನೊಂದರಲ್ಲಿ ಚಿಲ್ಲರೆ,
ಸೊಂಟ ಸೀಟಿನ ಅಂಚಿಗೆ ಆನಿಸಿ
ಕಾಲ ಬೆರಳಿನಲ್ಲೇ ರಸ್ತೆ ಓದುತ್ತ.

ನಿನ್ನೆ ಡ್ಯೂಟಿ ಮುಗಿಸಿ
ಬೈತಖೋಲದ ಐಸ್ ಫ್ಯಾಕ್ಟರಿಯ ಮಾಳಿಗೆಗೆ ಹೋದೆ.
ಮೆಟ್ಟಿಲ ಮೇಲೆಲ್ಲ ಮೀನಿನ ನೀರು. ಬಾಗಿಲಿಗೆ ಬೋರ್ಡಿಲ್ಲ.
ಯಾರಾದರೂ ಕೇಳಿದರೆ ಯೋಗ ಅನ್ನು, ಎಂದಿದ್ದಳು
ಬೇಕರಿಯ ಗ್ರೇಟಾ.
ಯಾರೂ ಕೇಳಲಿಲ್ಲ. ಆದರೂ ಹೇಳಿಬಿಟ್ಟೆ,
ಕೆಳಗೆ ಐಸು ಒಡೆಯುತ್ತಿದ್ದ ಹುಡುಗನಿಗೆ: ಯೋಗಾ.

ಒಳಗೆ ನೆಲದಿಂದ ಸೂರಿನವರೆಗೆ ಮೂರು ಕಂಬ.
ಬಸ್ಸಿನದಕ್ಕಿಂತ ದಪ್ಪ, ತುಕ್ಕಿಲ್ಲ,
ಯಾವ ಊರಿಗೂ ಹೋಗುವುದಿಲ್ಲ.
ಟೀಚರು ಲಿಂಥೊಯ್, ಮಣಿಪುರದವಳು,
ಗಂಡ ನೇವಿಯ ಹಡಗಿನಲ್ಲಿ.
ಅವಳಿಗೆ ಬರುವ ಕನ್ನಡ ನಾಲ್ಕೇ ಶಬ್ದ:
ಬಾ, ಬಿಡು, ಬಿಡಬೇಡ, ನೋವಾ?
ಸಂಸಾರಕ್ಕೆ ಇದಕ್ಕಿಂತ ಹೆಚ್ಚು ನಾನೂ ಬಳಸಿಲ್ಲ.

ಚಡ್ಡಿ ಹಾಕಬೇಕಂತೆ. ಬಟ್ಟೆ ಜಾರುತ್ತದಂತೆ,
ಕಂಬ ನಂಬುವುದು ಬರೀ ಚರ್ಮವನ್ನು.
ಮಗನ ಫುಟ್ಬಾಲ್ ಚಡ್ಡಿ ತಂದಿದ್ದೆ, ಏಳನೇ ನಂಬರಿನದು.
ಖಾಕಿ ಕಳಚಿ ಮೊಳೆಗೆ ತೂಗುಹಾಕಿದರೆ
ಅದು ಚೆಕಿಂಗ್ ಸ್ಕ್ವಾಡಿನ ಹಾಗೆ ನನ್ನನ್ನೇ ನೋಡಿತು.
ನನ್ನ ತೊಡೆಯನ್ನು ಟ್ಯೂಬ್‌ಲೈಟಿನಲ್ಲಿ ನಾನು ನೋಡಿ
ಎಷ್ಟು ಕಾಲವಾಯಿತು.
ಹೆರಿಗೆಯ ಗೆರೆ, ನಾಯಿ ಕಚ್ಚಿದ ಕಲೆ,
ಒಂದು ಮಚ್ಚೆ.
ಓ, ನೀನಿನ್ನೂ ಇದ್ದೀಯಾ.

ಹಿಡಿದೆ, ಜಾರಿದೆ.
ಮತ್ತೆ ಹಿಡಿದೆ, ಮತ್ತೆ ಜಾರಿದೆ.
ಮೂರನೇ ಸಲ ಲಿಂಥೊಯ್ ಬಗ್ಗಿ ನನ್ನ ಮೊಣಕಾಲು ಮೂಸಿದಳು,
ನಿಜ, ಮೂಸಿದಳು,
ಮೂಸಿ, ನಕ್ಕು, ನೆಲಕ್ಕೇ ಕುಳಿತಳು. ಕೊಬ್ಬರಿ ಎಣ್ಣೆ!
ಹೊಸ ಜಾಗಕ್ಕೆ ಬಿಳಿಚಿದ ಕಾಲಲ್ಲಿ ಹೋಗಬಾರದು ಅಂತ
ಅಮ್ಮ ಹೇಳಿಕೊಟ್ಟದ್ದು. ಸವರಿಕೊಂಡೇ ಹೋಗಿದ್ದೆ.
ಸೋಪು ಹಾಕಿ, ಉಜ್ಜಿ, ಸ್ಪಿರಿಟು ಹಚ್ಚಿ
ಅಮ್ಮನನ್ನು ಕಾಲಿನಿಂದ ಇಳಿಸುವುದರಲ್ಲೇ
ಅರ್ಧ ಗಂಟೆ ಹೋಯಿತು.

ಆಮೇಲೆ ಅಂಟಿತು.
ಬಲಗೈ ಮೇಲೆ, ಎಡ ಮೊಣಕಾಲಿನ ಮಡಿಕೆಯಲ್ಲಿ ಕಂಬ.
ಬಿಡು, ಅಂದಳು.
ಏನನ್ನು?
ನೆಲವನ್ನು, ಅಂದಳು ಪಕ್ಕದ ಕಂಬದ
ಮೆಡಿಕಲ್ ಕಾಲೇಜಿನ ಹುಡುಗಿ.

ಬಿಟ್ಟೆ.
ಅರ್ಧ ಸುತ್ತು, ಹೆಚ್ಚೇನಿಲ್ಲ,
ಒಂದು ಟಿಕೆಟು ಹರಿಯುವಷ್ಟು ಹೊತ್ತು.
ಕಿಟಕಿ, ಬಂದರಿನ ದೀಪ, ಗ್ರೇಟಾಳ ತೆರೆದ ಬಾಯಿ,
ಮೊಳೆಯ ಮೇಲಿನ ಖಾಕಿ
ಒಂದೊಂದಾಗಿ ನನ್ನನ್ನು ದಾಟಿ ಹೋದವು.
ಇಷ್ಟು ವರ್ಷ ಬಸ್ಸು ತಿರುಗುತ್ತಿತ್ತು.
ಧೊಪ್ಪನೆ ಬಿದ್ದೆ.
ಕೆಳಗೆ ಐಸು ಒಡೆಯುವ ಸದ್ದು ನಿಂತಿತು.
ಯೋಗಾ? ಎಂದು ಕೂಗಿದ ಹುಡುಗ.
ಹೌದೋ, ಅಂದೆ, ಮಲಗಿದಲ್ಲಿಂದಲೇ.

ಇವತ್ತು ಆರೂಕಾಲರ ಅಂಕೋಲಾ ಬಸ್ಸು.
ಮೊಣಕಾಲ ಹಿಂದೆ ನೇರಳೆಹಣ್ಣು ಜಜ್ಜಿದ ಬಣ್ಣ,
ಸೊನ್ನೆ ಟಿಕೆಟು ಚಾಚುವುದಕ್ಕೂ ಕೈ ಏಳದು.
ಬೈತಖೋಲದಲ್ಲಿ ಮಂಕಾಳಕ್ಕ ಹತ್ತಿದಳು.
ಬುಟ್ಟಿ ಸೊಂಟಕ್ಕೆ, ಒಂದೇ ಕೈ ಕಂಬಕ್ಕೆ,
ಬಿಣಗಾದಲ್ಲಿ ಬಸ್ಸು ವಾಲಿದ್ದೇ
ಒಂದು ಕಾಲು ನೆಲ ಬಿಟ್ಟು, ಬಳುಕಿ, ಅರ್ಧ ಸುತ್ತು ತಿರುಗಿ
ಒಂದು ಬಂಗಡೆಯೂ ಚೆಲ್ಲದಂತೆ
ನೆಟ್ಟಗೆ ಬಂದು ನಿಂತಳು.

ಹನ್ನೊಂದು ವರ್ಷ ಟಿಕೆಟು ಕೊಟ್ಟಿದ್ದೇನೆ ಅವಳಿಗೆ.
ನೋಡಿದ್ದು ಇವತ್ತು.
ಎಂತಕ್ಕೆ ಹಂಗೆ ನೋಡ್ತಿ? ಅಂದಳು.
ಮುಂದೆ ಹೋಗಿ ಎನ್ನಲು ತೆರೆದ ಬಾಯಿ ಮುಚ್ಚಿ
ಅವಳ ಕೈಗಿಂತ ಒಂದು ಗೇಣು ಕೆಳಗೆ
ನಾನೂ ಕಂಬ ಹಿಡಿದೆ.
ತಣ್ಣಗಿತ್ತು. ಯಾರದೋ ತಲೆಯೆಣ್ಣೆಗೆ ಜಾರುತ್ತಿತ್ತು.
ಹಿಂದಿನ ಸೀಟಿನವರು ಚಿಲ್ಲರೆ ಕೇಳುತ್ತಿದ್ದರು.

ಕೇಳಲಿ. ಇನ್ನೊಂದು ತಿರುವಿದೆ.